ಗಲ್ಲು ಶಿಕ್ಷೆಯ ಕೈದಿ ದೇಶದ ಅಧ್ಯಕ್ಷರಾದ ಬಗೆ: ಕಿಮ್ ಡೇ-ಜುಂಗ್ ಮತ್ತು ದಕ್ಷಿಣ ಕೊರಿಯಾ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕೊರಿಯಾದ ಕಾರು, ಟಿವಿ, ಧಾರಾವಾಹಿ, ಹಾಡುಗಳು ನಮ್ಮ ಮನೆಗಳಿಗೆ ಬಂದು ಬಹಳ ಕಾಲವಾಯಿತು. ಆದರೆ ಆ ದೇಶದ ರಾಜಕೀಯ ಚರಿತ್ರೆ ಕನ್ನಡದ ಓದುಗರಿಗೆ ಅಷ್ಟಾಗಿ ಪರಿಚಿತವಲ್ಲ. ಸೇನಾ ನ್ಯಾಯಾಲಯವೊಂದು 1980ರಲ್ಲಿ ಯಾರಿಗೆ ಗಲ್ಲು ಶಿಕ್ಷೆ ವಿಧಿಸಿತ್ತೋ ಅವರೇ 1998ರಲ್ಲಿ ದಕ್ಷಿಣ ಕೊರಿಯಾದ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. ಆ ವ್ಯಕ್ತಿಯ ಬಗ್ಗೆ, ಅವರ ನಾಯಕತ್ವದಿಂದ ದೇಶ ಎಷ್ಟರಮಟ್ಟಿಗೆ ಬದಲಾಯಿತು ಎಂಬ ಬಗ್ಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಕಿಮ್ ಡೇ-ಜುಂಗ್ ಯಾರು?

ಅವರು 1998ರ ಫೆಬ್ರವರಿಯಿಂದ 2003ರ ಫೆಬ್ರವರಿಯವರೆಗೆ ದಕ್ಷಿಣ ಕೊರಿಯಾದ ಅಧ್ಯಕ್ಷರಾಗಿದ್ದವರು, 2000ನೇ ಸಾಲಿನ ನೊಬೆಲ್ ಶಾಂತಿ ಪುರಸ್ಕಾರ ಪಡೆದವರು. ಹುಟ್ಟಿದ್ದು 1924ರಲ್ಲಿ, ದೇಶದ ನೈರುತ್ಯ ಮೂಲೆಯ ಜೊಲ್ಲಾ ಪ್ರಾಂತ್ಯದ ಹಾಉಯಿದೊ ಎಂಬ ಪುಟ್ಟ ದ್ವೀಪದಲ್ಲಿ, ರೈತ ಕುಟುಂಬದಲ್ಲಿ. ಕೊರಿಯಾ ಆಗ ಜಪಾನಿನ ಆಳ್ವಿಕೆಯಲ್ಲಿತ್ತು. ಮೊಕ್ಪೊ ಬಂದರಿನ ವಾಣಿಜ್ಯ ಶಾಲೆಯಲ್ಲಿ ಓದಿ, ಹಡಗು ಸಾಗಣೆಯ ವ್ಯವಹಾರ ನಡೆಸಿ, ಅನಂತರ ರಾಜಕೀಯಕ್ಕೆ ಬಂದರು. ಹಲವು ಸೋಲುಗಳ ಬಳಿಕ 1961ರ ಮೇ ತಿಂಗಳಲ್ಲಿ ಉಪಚುನಾವಣೆಯೊಂದರಲ್ಲಿ ಗೆದ್ದು ಸಂಸತ್ತಿಗೆ ಆಯ್ಕೆಯಾದರು. ಗೆದ್ದ ಕೆಲವೇ ದಿನಗಳಲ್ಲಿ, ಮೇ 16ರಂದು, ಜನರಲ್ ಪಾರ್ಕ್ ಚುಂಗ್-ಹೀ ಸೇನಾ ದಂಗೆ ನಡೆಸಿ ಸಂಸತ್ತನ್ನೇ ವಿಸರ್ಜಿಸಿದರು. ಅಂದು ಶುರುವಾದ ಅವರಿಬ್ಬರ ಮುಖಾಮುಖಿ ಪಾರ್ಕ್ ಅವರ ಸಾವಿನವರೆಗೂ ನಡೆಯಿತು.

ಅವರನ್ನು ಸರ್ಕಾರ ಏಕೆ ಅಷ್ಟು ಬೆನ್ನಟ್ಟಿತು?

ಚುನಾವಣೆಯಲ್ಲಿ ಗೆಲ್ಲಬಲ್ಲವರು ಎಂಬ ಭಯವೇ ಮೂಲ ಕಾರಣ. 1971ರ ಅಧ್ಯಕ್ಷೀಯ ಚುನಾವಣೆಯಲ್ಲಿ ಪಾರ್ಕ್ ಅವರು ಸರ್ಕಾರಿ ಯಂತ್ರ, ಹಣ, ಗೂಢಚಾರ ಸಂಸ್ಥೆ ಎಲ್ಲವನ್ನೂ ಕೈಯಲ್ಲಿಟ್ಟುಕೊಂಡು ಸ್ಪರ್ಧಿಸಿದರೂ ಎದುರಾಳಿ ಕಿಮ್ ಶೇ. 45ರಷ್ಟು ಮತ ಪಡೆದರು. ಅದೇ ವರ್ಷ ಅವರ ಕಾರಿಗೆ ಲಾರಿಯೊಂದು ಡಿಕ್ಕಿ ಹೊಡೆಯಿತು. ಅದು ಕೊಲೆಯತ್ನವೆಂದೇ ಅವರು ಕೊನೆಯವರೆಗೆ ನಂಬಿದ್ದರು, ಕಾಲಿನ ಆ ಪೆಟ್ಟು ಜೀವನಪೂರ್ತಿ ಉಳಿಯಿತು. ಮರುವರ್ಷ ಪಾರ್ಕ್ ಸಂವಿಧಾನವನ್ನೇ ಬದಲಿಸಿ, ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವ ಪದ್ಧತಿಯನ್ನು ತೆಗೆದುಹಾಕಿದರು. ಚಿಕಿತ್ಸೆಗೆಂದು ಆಗ ಜಪಾನಿನಲ್ಲಿದ್ದ ಕಿಮ್ ಊರಿಗೆ ಮರಳದೆ ಹೊರಗಿನಿಂದಲೇ ಹೋರಾಟಕ್ಕೆ ಇಳಿದರು.

1973ರ ಆಗಸ್ಟ್ 8ರಂದು ಟೋಕಿಯೊದ ಹೋಟೆಲೊಂದರಿಂದ ಅವರನ್ನು ಹಾಡಹಗಲೇ ಅಪಹರಿಸಲಾಯಿತು. ಕಣ್ಣು, ಬಾಯಿ, ಕೈಕಾಲು ಕಟ್ಟಿ ಹಡಗಿಗೆ ಸಾಗಿಸಿ, ನೀರಿನಲ್ಲಿ ತೇಲದಿರಲೆಂದು ಮೈಗೆ ಭಾರ ಬಿಗಿದು, ಸಮುದ್ರಕ್ಕೆ ಎಸೆಯಲು ಸಿದ್ಧತೆ ನಡೆದಿತ್ತು. ಅಮೆರಿಕ ಮತ್ತು ಜಪಾನುಗಳಿಗೆ ಸುದ್ದಿ ತಲುಪಿ ಒತ್ತಡ ಬಿದ್ದಿದ್ದರಿಂದ ಜೀವ ಉಳಿಯಿತು. ಐದು ದಿನಗಳ ಬಳಿಕ ಸೋಲ್‌ನಲ್ಲಿ ಅವರ ಮನೆಯ ಹತ್ತಿರವೇ ತಂದು ಬಿಟ್ಟುಹೋದರು. ಈ ಕೃತ್ಯ ಕೊರಿಯಾದ ಗೂಢಚಾರ ಸಂಸ್ಥೆಯದೇ ಎಂಬುದನ್ನು 2007ರಲ್ಲಿ ಸರ್ಕಾರದ ಕಡೆಯಿಂದ ನಡೆದ ತನಿಖೆಯೇ ಒಪ್ಪಿಕೊಂಡಿತು.

1976ರ ಮಾರ್ಚ್ 1ರಂದು ಸೋಲ್‌ನ ಮ್ಯೊಂಗ್‌ಡೊಂಗ್ ಚರ್ಚಿನಲ್ಲಿ ಪಾದ್ರಿಗಳು, ಪ್ರಾಧ್ಯಾಪಕರು ಮತ್ತು ಇತರ ವಿರೋಧ ಪಕ್ಷದವರ ಜೊತೆ ಸೇರಿ ಪ್ರಜಾಪ್ರಭುತ್ವವನ್ನು ಮರಳಿ ಕೊಡಿ ಎಂಬ ಹೇಳಿಕೆಗೆ ಸಹಿ ಹಾಕಿದ್ದಕ್ಕೆ ಐದು ವರ್ಷಗಳ ಶಿಕ್ಷೆಯಾಯಿತು. ಒಟ್ಟು ಸುಮಾರು 6 ವರ್ಷ ಜೈಲಿನಲ್ಲಿ ಕಳೆದ ಅವರು ಅದಕ್ಕಿಂತ ಹೆಚ್ಚಿನ ಕಾಲವನ್ನು ಗೃಹಬಂಧನದಲ್ಲೋ ದೇಶದ ಹೊರಗೋ ಕಳೆದರು.

ಗಲ್ಲು ಶಿಕ್ಷೆ ಯಾವ ಆರೋಪಕ್ಕಾಗಿ, ಮತ್ತು ಅದು ತಪ್ಪಿದ್ದು ಹೇಗೆ?

ಪಾರ್ಕ್ 1979ರ ಅಕ್ಟೋಬರ್‌ನಲ್ಲಿ ತಮ್ಮದೇ ಗೂಢಚಾರ ಸಂಸ್ಥೆಯ ಮುಖ್ಯಸ್ಥನ ಗುಂಡಿಗೆ ಬಲಿಯಾದರು. ದೇಶ ಉಸಿರು ಬಿಡುವಷ್ಟರಲ್ಲಿ ಜನರಲ್ ಚುನ್ ಡೂ-ಹ್ವಾನ್ ಸೇನೆಯನ್ನು ವಶಕ್ಕೆ ತೆಗೆದುಕೊಂಡು, 1980ರ ಮೇ 17ರ ರಾತ್ರಿ ಸೇನಾಡಳಿತವನ್ನು ಇಡೀ ದೇಶಕ್ಕೆ ವಿಸ್ತರಿಸಿದರು. ಅದೇ ರಾತ್ರಿ ಕಿಮ್ ಬಂಧನವಾಯಿತು. ಮರುದಿನ ಜೊಲ್ಲಾ ಪ್ರಾಂತ್ಯದ ಗ್ವಾಂಗ್ಜು ನಗರದಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಮೇ 27ರವರೆಗೆ ಅಲ್ಲಿ ನಡೆದ ಸೇನಾ ಕಾರ್ಯಾಚರಣೆಯಲ್ಲಿ ಅಧಿಕೃತ ಲೆಕ್ಕದಂತೆಯೇ 150ಕ್ಕೂ ಹೆಚ್ಚು ನಾಗರಿಕರು ಸತ್ತರು. ಬಂಧನದಲ್ಲಿದ್ದ ಮನುಷ್ಯನೇ ಆ ದಂಗೆಗೆ ಕುಮ್ಮಕ್ಕು ಕೊಟ್ಟವನೆಂದು ಸರ್ಕಾರ ಸಾರಿತು. ಇದರ ಜೊತೆಗೆ ಜಪಾನಿನಲ್ಲಿ ದೇಶವಿರೋಧಿ ಸಂಘಟನೆ ಕಟ್ಟಿದರೆಂಬ ಆರೋಪವನ್ನೂ ಸೇರಿಸಿ ಸೇನಾ ನ್ಯಾಯಾಲಯ ಸೆಪ್ಟೆಂಬರ್‌ನಲ್ಲಿ ಮರಣದಂಡನೆ ವಿಧಿಸಿತು.

ಪೋಪ್ ಎರಡನೇ ಜಾನ್ ಪಾಲ್ ಅವರಿಂದ ಹಿಡಿದು ಅನೇಕರು ಕ್ಷಮಾದಾನ ಕೋರಿದರು. ಅಮೆರಿಕದಲ್ಲಿ ಆಗ ಅಧಿಕಾರ ಕಾರ್ಟರ್ ಅವರಿಂದ ರೇಗನ್ ಅವರಿಗೆ ಹಸ್ತಾಂತರವಾಗುತ್ತಿತ್ತು. ಕಿಮ್ ಅವರ ಜೀವ ಉಳಿಸಿದರೆ ಹೊಸ ಅಧ್ಯಕ್ಷರ ಭೇಟಿಗೆ ಅವಕಾಶ ಎಂಬ ತಿಳಿವಳಿಕೆ ಏರ್ಪಟ್ಟು, 1981ರ ಜನವರಿಯಲ್ಲಿ ಶಿಕ್ಷೆ ಜೀವಾವಧಿಗೆ ಇಳಿಯಿತು. ಅಷ್ಟರಲ್ಲಿ ಕೊರಿಯಾದ ಅಧ್ಯಕ್ಷರೂ ಆಗಿದ್ದ ಚುನ್ ಶ್ವೇತಭವನಕ್ಕೆ ಹೋಗಿಬಂದರು. ಬಹಳ ವರ್ಷಗಳ ನಂತರ, 2004ರಲ್ಲಿ, ಕೊರಿಯಾದ ನ್ಯಾಯಾಲಯವೊಂದು ಮರುವಿಚಾರಣೆ ನಡೆಸಿ ಅವರನ್ನು ನಿರ್ದೋಷಿ ಎಂದು ಘೋಷಿಸಿತು.

ಜೈಲಿನ ವರ್ಷಗಳಲ್ಲಿ ಅವರು ಏನು ಮಾಡಿದರು?

ಓದಿದರು ಮತ್ತು ಬರೆದರು. 1978ರಲ್ಲಿ ಅವರನ್ನು ಸೋಲ್‌ನ ವಿಶ್ವವಿದ್ಯಾಲಯದ ಆಸ್ಪತ್ರೆಯ ಕೋಣೆಯಲ್ಲಿ ಕೈದಿಯಾಗಿ ಇರಿಸಿದ್ದಾಗ ಪೆನ್ನೂ ಇರಲಿಲ್ಲ, ಕಾಗದವೂ ಇರಲಿಲ್ಲ. ಚ್ಯೂಯಿಂಗ್ ಗಮ್ ಮತ್ತು ತಿಂಡಿ ಸುತ್ತಿ ಬಂದ ಕಾಗದಗಳ ಮೇಲೆ ಮೊಳೆಯ ತುದಿಯಿಂದ ಒತ್ತಿ ಒತ್ತಿ ಅಕ್ಷರ ಮೂಡಿಸಿ, ಹೆಂಡತಿ ಲೀ ಹೀ-ಹೊ ಭೇಟಿಗೆ ಬಂದಾಗ ಗುಟ್ಟಾಗಿ ದಾಟಿಸುತ್ತಿದ್ದರು. ಶಾಯಿ ಇಲ್ಲದ ಬರಹವಾದ್ದರಿಂದ ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಅದನ್ನು ಓದಲು ಸಾಧ್ಯ. ಗಲ್ಲು ತಪ್ಪಿದ ಮೇಲೆ ಚೊಂಗ್ಜು ಜೈಲಿನಲ್ಲಿ ತಿಂಗಳಿಗೆ ಒಂದೇ ಹಾಳೆಯ ಪತ್ರಕ್ಕೆ ಅನುಮತಿಯಿತ್ತು. ಆ ಒಂದು ಹಾಳೆಯಲ್ಲಿ ಸಾವಿರಗಟ್ಟಲೆ ಅಕ್ಷರಗಳನ್ನು, ಭೂತಗನ್ನಡಿ ಬೇಕೆನಿಸುವಷ್ಟು ಸಣ್ಣದಾಗಿ ಕಿಕ್ಕಿರಿಸಿ ಬರೆಯುತ್ತಿದ್ದರು. ದೇವರು, ಚರಿತ್ರೆ, ಅರ್ಥಶಾಸ್ತ್ರ, ಮಕ್ಕಳ ಓದು, ತರಿಸಿಕೊಡಬೇಕಾದ ಪುಸ್ತಕಗಳ ಪಟ್ಟಿ ಎಲ್ಲವೂ ಅದರಲ್ಲೇ.

ಈ ಓದನ್ನು ಹೊತ್ತು ಕಳೆಯುವ ಉಪಾಯವೆಂದು ನೋಡಿದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಕಾರ್ಖಾನೆಗಳ ಯುಗ ಮುಗಿದು ಮಾಹಿತಿಯ ಯುಗ ಬರಲಿದೆ ಎಂಬ ವಿಚಾರ ಅವರಿಗೆ ಪರಿಚಯವಾದದ್ದು ಜೈಲಿನ ಪುಸ್ತಕಗಳಿಂದಲೇ. ಅಧ್ಯಕ್ಷರಾದ ಮೇಲೆ ಅವರು ದೇಶದ ಮೂಲೆಮೂಲೆಗೆ ವೇಗದ ಇಂಟರ್ನೆಟ್ ಎಳೆಸಿದ್ದರ ಹಿಂದೆ ಆ ಓದಿದೆ. ವಿರೋಧಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂಬ ತೀರ್ಮಾನವೂ ಸೆರೆಯಲ್ಲೇ ಗಟ್ಟಿಯಾಯಿತು. ಗಲ್ಲು ಖಚಿತವೆಂದು ತೋರುತ್ತಿದ್ದ 1980ರ ವಿಚಾರಣೆಯ ಕೊನೆಯ ಹೇಳಿಕೆಯಲ್ಲಿ, ತಾವು ಸತ್ತ ಮೇಲೆ ಯಾರೂ ರಾಜಕೀಯ ಸೇಡಿಗೆ ಇಳಿಯಬಾರದೆಂದು ಅವರು ಸಂಗಾತಿಗಳನ್ನು ಕೇಳಿಕೊಂಡಿದ್ದರು.

ಹಾಗಾದರೆ ಜೈಲಿಗೆ ಹೋದವರೆಲ್ಲ ಒಳ್ಳೆಯ ಆಡಳಿತಗಾರರಾಗುತ್ತಾರೆಯೇ?

ಇಲ್ಲ. ಜಿಂಬಾಬ್ವೆಯ ರಾಬರ್ಟ್ ಮುಗಾಬೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದವರು. ಅಧಿಕಾರ ಸಿಕ್ಕಿದ ಮೇಲೆ 2017ರಲ್ಲಿ ಸೇನೆ ಕೆಳಗಿಳಿಸುವವರೆಗೂ ಅದನ್ನು ಬಿಡಲಿಲ್ಲ. ಸೆರೆವಾಸ ಮನುಷ್ಯನಿಗೆ ಜನರ ಕಣ್ಣಲ್ಲಿ ಒಂದು ತೂಕವನ್ನು ಕೊಡುತ್ತದೆ. ಆ ತೂಕವನ್ನು ಯಾವುದಕ್ಕೆ ಬಳಸಬೇಕೆಂಬುದನ್ನು ಅವನೇ ತೀರ್ಮಾನಿಸಬೇಕು. ಇನ್ನೂ ಒಂದು ಮಾತು ಹೇಳಲೇಬೇಕು: ಸೆರೆಯಿಂದ ಹೊರಬಂದು ದೇಶ ಆಳಿದವರ ಹೆಸರು ಮಾತ್ರ ಚರಿತ್ರೆಯಲ್ಲಿ ಎದ್ದು ಕಾಣುತ್ತದೆ. ನಮ್ಮ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿದ್ದ ಅಟಲ್ ಬಿಹಾರಿ ವಾಜಪೇಯಿ, ಕಿಮ್ ಅಧ್ಯಕ್ಷರಾದ ಮರುತಿಂಗಳೇ ಪ್ರಧಾನಿಯಾದರು. ಅದೇ ಕಾರಾಗೃಹದಲ್ಲಿ ಬಂಧಿಯಾಗಿದ್ದ ಕಲಾವಿದೆ ಸ್ನೇಹಲತಾ ರೆಡ್ಡಿ ಅಲ್ಲಿ ಆರೋಗ್ಯ ಕಳೆದುಕೊಂಡು, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಕೊರಿಯಾದಲ್ಲೂ ಹೀಗೆ ಮರಳಿ ಬಾರದವರು ಬಹಳ ಮಂದಿ. ಅವರ ಸಾವುಗಳ ತನಿಖೆಗೆ 2000ದಲ್ಲಿ ಕಿಮ್ ಸರ್ಕಾರವೇ ಒಂದು ಆಯೋಗ ರಚಿಸಿತು.

ದಕ್ಷಿಣ ಕೊರಿಯಾಕ್ಕೆ ಪ್ರಜಾಪ್ರಭುತ್ವ ತಂದವರು ಇವರೇ ಎನ್ನಬಹುದೇ?

ಹಾಗೆ ಹೇಳಿದರೆ 1987ರ ಜೂನ್ ತಿಂಗಳಲ್ಲಿ ಬೀದಿಗಿಳಿದ ಲಕ್ಷಾಂತರ ಜನರಿಗೆ ಅನ್ಯಾಯವಾಗುತ್ತದೆ. ವಿಚಾರಣೆಯ ಹೆಸರಿನಲ್ಲಿ ಪೊಲೀಸರು ವಿದ್ಯಾರ್ಥಿಯೊಬ್ಬನನ್ನು ಚಿತ್ರಹಿಂಸೆ ಕೊಟ್ಟು ಕೊಂದ ಸುದ್ದಿ ಹೊರಬಿದ್ದ ಮೇಲೆ ವಿದ್ಯಾರ್ಥಿಗಳು, ಕಾರ್ಮಿಕರು, ಕಚೇರಿ ನೌಕರರು, ಚರ್ಚಿನವರು ಒಂದಾದರು. ಜೂನ್ 29ರಂದು ಚುನ್ ತಮ್ಮ ಉತ್ತರಾಧಿಕಾರಿಯೆಂದು ಆರಿಸಿದ್ದ ರೋ ಟೇ-ವೂ ನೇರ ಚುನಾವಣೆಗೆ ಒಪ್ಪಿ, ಕಿಮ್ ಅವರ ರಾಜಕೀಯ ಹಕ್ಕುಗಳನ್ನು ಮರಳಿಸುವುದಾಗಿಯೂ ಘೋಷಿಸಿದರು.

ಆಮೇಲೆ ನಡೆದದ್ದು ಕಿಮ್ ಅವರ ಬದುಕಿನ ದೊಡ್ಡ ತಪ್ಪು ಎಂಬುದು ನನ್ನ ಅಭಿಪ್ರಾಯ. ಇನ್ನೊಬ್ಬ ಹಿರಿಯ ಹೋರಾಟಗಾರ ಕಿಮ್ ಯಂಗ್-ಸಾಮ್ ಜೊತೆ ಹೊಂದಾಣಿಕೆ ಕುದುರದೆ ಇಬ್ಬರೂ ಕಣಕ್ಕಿಳಿದರು. ಇಬ್ಬರ ಮತ ಸೇರಿಸಿದರೆ ಶೇ. 55 ಆಗುತ್ತಿತ್ತು, ಗೆದ್ದವರು ಸುಮಾರು ಶೇ. 37 ಮತ ಪಡೆದ ಮಾಜಿ ಜನರಲ್ ರೋ ಟೇ-ವೂ. ಜನ ಪ್ರಾಣ ಕೊಟ್ಟು ಗಳಿಸಿದ ಮೊದಲ ಮುಕ್ತ ಚುನಾವಣೆ ಇಬ್ಬರು ನಾಯಕರ ಹಟದಿಂದ ಕೈತಪ್ಪಿತು.

ಮೂರು ಸಲ ಸೋತ ಮೇಲೆ 1997ರಲ್ಲಿ ಗೆದ್ದದ್ದು ಹೇಗೆ?

1971, 1987 ಮತ್ತು 1992ರಲ್ಲಿ ಸೋತಿದ್ದರು. 1992ರ ಸೋಲಿನ ನಂತರ ರಾಜಕೀಯ ನಿವೃತ್ತಿಯನ್ನೂ ಘೋಷಿಸಿ, ಮತ್ತೆ ಮರಳಿದ್ದರು. 1997ರಲ್ಲಿ ಅವರು ಕೈಜೋಡಿಸಿದ್ದು ಕಿಮ್ ಜೊಂಗ್-ಪಿಲ್ ಎಂಬ ಸಂಪ್ರದಾಯವಾದಿ ನಾಯಕರೊಂದಿಗೆ. ಅವರು 1961ರ ದಂಗೆಯಲ್ಲಿ ಪಾರ್ಕ್ ಅವರ ಬಲಗೈಯಾಗಿದ್ದವರು, ಗೂಢಚಾರ ಸಂಸ್ಥೆಯನ್ನು ಕಟ್ಟಿದವರು, 1973ರ ಅಪಹರಣದ ಸಮಯದಲ್ಲಿ ದೇಶದ ಪ್ರಧಾನಿಯಾಗಿದ್ದವರು. ಅನೇಕ ಬೆಂಬಲಿಗರಿಗೆ ಇದು ನುಂಗಲಾರದ ತುತ್ತಾಯಿತು. ಆದರೆ ಒಂದೇ ಪ್ರಾಂತ್ಯದ ನಾಯಕನೆಂಬ, ಕಮ್ಯುನಿಸ್ಟರ ಪಕ್ಷಪಾತಿಯೆಂಬ ಹಣೆಪಟ್ಟಿ ಹೊತ್ತ ವ್ಯಕ್ತಿಗೆ ಆ ಮೈತ್ರಿಯಿಲ್ಲದೆ ಗೆಲುವು ಸಿಗುವಂತಿರಲಿಲ್ಲ. ಡಿಸೆಂಬರ್ 18ರಂದು ಅವರು ಗೆದ್ದದ್ದು ಸುಮಾರು 3.9 ಲಕ್ಷ ಮತಗಳ ಅಂತರದಿಂದ. ಕೊರಿಯಾ ಗಣರಾಜ್ಯದ ಚರಿತ್ರೆಯಲ್ಲಿ ಆಳುವ ಪಕ್ಷದಿಂದ ವಿರೋಧ ಪಕ್ಷಕ್ಕೆ ಮತದಾನದ ಮೂಲಕ ಅಧ್ಯಕ್ಷ ಪದವಿ ಹಸ್ತಾಂತರವಾದದ್ದು ಅದೇ ಮೊದಲು.

ತಮ್ಮನ್ನು ಕೊಲ್ಲಹೊರಟವರನ್ನು ಅವರು ನಿಜವಾಗಿಯೂ ಕ್ಷಮಿಸಿದರೇ?

ಹೌದು. 1980ರ ಹತ್ಯಾಕಾಂಡ ಮತ್ತು ಸೇನಾ ದಂಗೆಗಾಗಿ ಚುನ್ ಮತ್ತು ರೋ ಇಬ್ಬರೂ 1996ರಲ್ಲಿ ಶಿಕ್ಷೆಗೊಳಗಾಗಿ ಜೈಲಿನಲ್ಲಿದ್ದರು. ಚುನ್ ಅವರಿಗೆ ಮೊದಲು ಮರಣದಂಡನೆಯಾಗಿ ಅನಂತರ ಅದು ಜೀವಾವಧಿಗೆ ಇಳಿದಿತ್ತು. ಕಿಮ್ ಗೆದ್ದ ಕೆಲವೇ ದಿನಗಳಲ್ಲಿ, ನಿರ್ಗಮಿಸುತ್ತಿದ್ದ ಅಧ್ಯಕ್ಷ ಕಿಮ್ ಯಂಗ್-ಸಾಮ್, ಹೊಸದಾಗಿ ಆಯ್ಕೆಯಾದವರ ಒಪ್ಪಿಗೆಯೊಂದಿಗೆ ಇಬ್ಬರನ್ನೂ ಕ್ಷಮಿಸಿ ಬಿಡುಗಡೆ ಮಾಡಿದರು. 1998ರ ಫೆಬ್ರವರಿ 25ರ ಪ್ರಮಾಣವಚನ ಸಮಾರಂಭದಲ್ಲಿ, ಗಲ್ಲಿಗೇರಿಸಲು ಹೊರಟಿದ್ದ ಚುನ್ ಗಣ್ಯರ ಸಾಲಿನಲ್ಲಿ ಕುಳಿತಿದ್ದರು. ಪಾರ್ಕ್ ಅವರ ಸ್ಮಾರಕ ಭವನಕ್ಕೂ ಕಿಮ್ ಸರ್ಕಾರದ ಬೆಂಬಲ ಪ್ರಕಟಿಸಿದರು. 2004ರಲ್ಲಿ ಪಾರ್ಕ್ ಅವರ ಮಗಳು ಪಾರ್ಕ್ ಗುನ್-ಹೇ ಕಿಮ್ ಅವರನ್ನು ಭೇಟಿಯಾಗಿ, ತಂದೆಯ ಕಾಲದಲ್ಲಿ ಆದ ನೋವಿಗಾಗಿ ಕ್ಷಮೆ ಕೇಳಿದರು.

ಈ ಕ್ಷಮೆಯ ಫಲ ಸಣ್ಣದಲ್ಲ. ವಿರೋಧ ಪಕ್ಷಕ್ಕೆ ಅಧಿಕಾರ ಹೋದರೆ ತಮ್ಮ ಗತಿಯೇನೆಂದು ಹೆದರಿದ್ದ ಸೇನೆ, ಪೊಲೀಸು, ಅಧಿಕಾರಿವರ್ಗ ಎಲ್ಲವೂ ಹೊಸ ಸರ್ಕಾರದ ಆಜ್ಞೆಗೆ ಸದ್ದಿಲ್ಲದೆ ಒಳಪಟ್ಟವು. ಆರ್ಥಿಕವಾಗಿ ಕುಸಿದಿದ್ದ ದೇಶದಲ್ಲಿ ಆ ಹೊತ್ತಿಗೆ ಸೇನೆಯೊಳಗೂ ಕಲಹ ಎದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ ಆ ನಿರ್ಧಾರದ ಬೆಲೆ ತಿಳಿಯುತ್ತದೆ.

ಆದರೆ ಇದರ ಇನ್ನೊಂದು ಮಗ್ಗುಲನ್ನು ಬದಿಗಿರಿಸಿ ಮುಂದೆ ಹೋಗಲು ಸಾಧ್ಯವಿಲ್ಲ. ತಮಗಾದ ಅನ್ಯಾಯವನ್ನು ಕ್ಷಮಿಸುವ ಹಕ್ಕು ಕಿಮ್ ಅವರಿಗೆ ಪೂರ್ತಿಯಾಗಿ ಇತ್ತು. ಗ್ವಾಂಗ್ಜುವಿನ ಬೀದಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಪರವಾಗಿ ಕ್ಷಮಿಸುವ ಹಕ್ಕು ಅವರಿಗೆ ಇತ್ತೇ? ಬಿಡುಗಡೆಯಾದ ಚುನ್ 2021ರ ನವೆಂಬರ್‌ನಲ್ಲಿ ಸಾಯುವವರೆಗೂ ಗ್ವಾಂಗ್ಜುವಿನ ಜನರ ಕ್ಷಮೆ ಕೇಳಲಿಲ್ಲ, ನ್ಯಾಯಾಲಯ ವಿಧಿಸಿದ್ದ ಭಾರೀ ದಂಡವನ್ನು ಪೂರ್ತಿ ಕಟ್ಟಲೂ ಇಲ್ಲ. ವಿಚಾರಣೆ ನಡೆದು, ಅಪರಾಧ ಸಾಬೀತಾಗಿ, ತೀರ್ಪು ದಾಖಲಾದ ಮೇಲಷ್ಟೇ ಕ್ಷಮಾದಾನ ಬಂದದ್ದು ಒಂದು ಸಮಾಧಾನ. ಆದರೂ ತಪ್ಪೊಪ್ಪಿಗೆಯ ಷರತ್ತಿಲ್ಲದೆ ಬಿಟ್ಟದ್ದು ಸರಿಯಲ್ಲ ಎಂಬ ಗ್ವಾಂಗ್ಜುವಿನವರ ನೋವನ್ನು ನಾನು ನ್ಯಾಯವಾದದ್ದೆಂದೇ ಭಾವಿಸುತ್ತೇನೆ.

ಅವರು ಅಧಿಕಾರಕ್ಕೆ ಬಂದಾಗ ದೇಶದ ಆರ್ಥಿಕ ಸ್ಥಿತಿ ಹೇಗಿತ್ತು?

ದಿವಾಳಿಯ ಅಂಚಿನಲ್ಲಿತ್ತು. ದೊಡ್ಡ ಉದ್ಯಮ ಸಮೂಹಗಳು ಬ್ಯಾಂಕುಗಳಿಂದ ಮಿತಿಮೀರಿ ಸಾಲ ತೆಗೆದಿದ್ದವು. ಬ್ಯಾಂಕುಗಳು ವಿದೇಶದಿಂದ ಅಲ್ಪಾವಧಿ ಸಾಲ ತಂದು ಅವಕ್ಕೆ ಕೊಟ್ಟಿದ್ದವು. ಥಾಯ್ಲೆಂಡಿನಲ್ಲಿ 1997ರ ಜುಲೈಯಲ್ಲಿ ಶುರುವಾದ ಕರೆನ್ಸಿ ಕುಸಿತ ವರ್ಷದ ಕೊನೆಗೆ ಕೊರಿಯಾವನ್ನು ಹಿಡಿಯಿತು. ಚುನಾವಣೆಯ ದಿನ ದೇಶದ ಬಳಿ ಬಳಸಲು ಉಳಿದಿದ್ದ ವಿದೇಶಿ ವಿನಿಮಯ 400 ಕೋಟಿ ಡಾಲರಿಗೂ ಕಡಿಮೆ. ಅಂತರರಾಷ್ಟ್ರೀಯ ಹಣಕಾಸು ನಿಧಿ, ವಿಶ್ವಬ್ಯಾಂಕ್ ಮತ್ತು ಇತರ ದೇಶಗಳು ಸೇರಿ ಸುಮಾರು 5,800 ಕೋಟಿ ಡಾಲರಿನ ನೆರವಿಗೆ ಒಪ್ಪಿದ್ದವು. ಅದರ ಷರತ್ತುಗಳು ಕಠಿಣವಾಗಿದ್ದವು.

1998ರ ಜನವರಿಯಲ್ಲಿ ದೇಶದ ಸಾಲ ತೀರಿಸಲು ಚಿನ್ನ ಸಂಗ್ರಹಿಸುವ ಅಭಿಯಾನ ನಡೆಯಿತು. ಬ್ಯಾಂಕುಗಳ ಮುಂದೆ ಜನ ಸಾಲುಗಟ್ಟಿದರು. ಮದುವೆಯ ಉಂಗುರ, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ನೆಂಟರು ಕೊಡುವ ಪುಟ್ಟ ಚಿನ್ನದುಂಗುರ, ಕ್ರೀಡಾಪಟುಗಳ ಪದಕ, ಎಲ್ಲವೂ ತಕ್ಕಡಿಗೆ ಬಂದವು. ಇದು ದಾನವಾಗಿರಲಿಲ್ಲ, ಚಿನ್ನವನ್ನು ರಫ್ತು ಮಾಡಿ, ಕೊಟ್ಟವರಿಗೆ ನಂತರ ಕೊರಿಯಾದ ಹಣದಲ್ಲಿ ಬೆಲೆ ಕೊಡಲಾಯಿತು. ಆದರೆ ಮನೆಯ ಚಿನ್ನವನ್ನು ಕಷ್ಟಕಾಲದಲ್ಲೂ ಕೊನೆಯದಾಗಿ ಮುಟ್ಟುವ ನಮ್ಮಂಥವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಸುಮಾರು 35 ಲಕ್ಷ ಜನರಿಂದ 220 ಟನ್ನಿಗೂ ಹೆಚ್ಚು ಚಿನ್ನ ಸೇರಿತು. ಅದರ ಬೆಲೆ ಸುಮಾರು 220 ಕೋಟಿ ಡಾಲರ್. ಒಟ್ಟು ಸಾಲದ ಮುಂದೆ ಅದು ಚಿಕ್ಕ ಮೊತ್ತವೇ. ಆದರೆ ಹೊಸ ಸರ್ಕಾರ ಮುಂದೆ ಕೇಳಲಿದ್ದ ತ್ಯಾಗಗಳಿಗೆ ಜನ ಒಪ್ಪುತ್ತಾರೆಂಬುದನ್ನು ಅದು ದೇಶಕ್ಕೂ ಸಾಲ ಕೊಟ್ಟವರಿಗೂ ತೋರಿಸಿತು.

ಆ ತ್ಯಾಗಗಳು ಯಾವುವು, ಅವುಗಳ ಭಾರ ಯಾರ ಮೇಲೆ ಬಿತ್ತು?

ಅಧಿಕಾರ ಸ್ವೀಕರಿಸುವ ಮೊದಲೇ ಕಿಮ್ ಕಾರ್ಮಿಕ ಸಂಘಗಳು, ಉದ್ಯಮಿಗಳು ಮತ್ತು ಸರ್ಕಾರವನ್ನು ಒಂದೇ ಮೇಜಿನ ಸುತ್ತ ಕೂರಿಸಿದರು. 1998ರ ಫೆಬ್ರವರಿಯ ಒಪ್ಪಂದದಲ್ಲಿ ಸಂಘಗಳು ಉದ್ಯೋಗ ಕಡಿತಕ್ಕೆ ಕಾನೂನಿನ ಅವಕಾಶ ಒಪ್ಪಿಕೊಂಡವು. ಬದಲಿಗೆ ಶಿಕ್ಷಕರಿಗೆ ಸಂಘ ಕಟ್ಟುವ ಹಕ್ಕು ಮತ್ತು ನಿರುದ್ಯೋಗ ವಿಮೆಯ ವಿಸ್ತರಣೆ ದೊರೆತವು. ಬದುಕಿನುದ್ದಕ್ಕೂ ಕಾರ್ಮಿಕರ ಪರ ನಿಂತವರಾಗಿದ್ದರಿಂದಲೇ ಅವರಿಗೆ ಈ ಒಪ್ಪಿಗೆ ಸಿಕ್ಕಿತು. ಜನರಲ್‌ಗಳ ಪಕ್ಷ ಅದನ್ನೇ ಕೇಳಿದ್ದರೆ ಬೀದಿ ಹೊತ್ತಿ ಉರಿಯುತ್ತಿತ್ತು.

1998ರ ಜೂನ್‌ನಲ್ಲಿ ಐದು ಬ್ಯಾಂಕುಗಳನ್ನು ಮುಚ್ಚಿಸಲಾಯಿತು. ಉದ್ಯಮ ಸಮೂಹಗಳು ತಮ್ಮ ಸಾಲವನ್ನು ಸ್ವಂತ ಬಂಡವಾಳದ ಎರಡು ಪಟ್ಟಿನೊಳಗೆ ತರಬೇಕೆಂಬ ಗಡುವು ಬಂತು. ಮುಳುಗಲಾರದಷ್ಟು ದೊಡ್ಡದೆಂದು ನಂಬಲಾಗಿದ್ದ ಡೇವೂ ಸಮೂಹ 1999ರಲ್ಲಿ ಕುಸಿದಾಗ ಸರ್ಕಾರ ಅದರ ಮಾಲೀಕರನ್ನು ಉಳಿಸಲು ಹೋಗಲಿಲ್ಲ. 1998ರಲ್ಲಿ ಶೇ. 5ಕ್ಕೂ ಹೆಚ್ಚು ಕುಗ್ಗಿದ್ದ ಆರ್ಥಿಕತೆ ಮರುವರ್ಷ ಶೇ. 10ಕ್ಕೂ ಹೆಚ್ಚು ಬೆಳೆಯಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲವನ್ನು ಅವಧಿಗೆ ಮೂರು ವರ್ಷ ಮೊದಲೇ, 2001ರ ಆಗಸ್ಟ್‌ನಲ್ಲಿ, ಪೂರ್ತಿ ತೀರಿಸಲಾಯಿತು.

ಅಂಕಿಗಳು ಚೇತರಿಸಿಕೊಂಡಷ್ಟು ಬೇಗ ಮನುಷ್ಯರು ಚೇತರಿಸಿಕೊಳ್ಳಲಿಲ್ಲ. ಕೆಲಸ ಕಳೆದುಕೊಂಡ ನಡುವಯಸ್ಸಿನ ಗಂಡಸರು ಮನೆಗೆ ಹೇಳಲಾಗದೆ ಸೋಲ್ ರೈಲು ನಿಲ್ದಾಣದಲ್ಲಿ ಮಲಗಿದರು. ಒಮ್ಮೆ ಸೇರಿದರೆ ನಿವೃತ್ತಿಯವರೆಗೆ ನೌಕರಿ ಎಂಬ ಭರವಸೆ ಶಾಶ್ವತವಾಗಿ ಹೋಯಿತು. ಅದರ ಜಾಗಕ್ಕೆ ಬಂದ ಗುತ್ತಿಗೆ ಕೆಲಸ ಇಂದಿಗೂ ಕೊರಿಯಾದ ಯುವಜನರ ದೊಡ್ಡ ಚಿಂತೆ. ಖರ್ಚನ್ನು ಹೆಚ್ಚಿಸಲು ಕ್ರೆಡಿಟ್ ಕಾರ್ಡ್‌ಗಳಿಗೆ ಕೊಟ್ಟ ಉತ್ತೇಜನ 2003ರಲ್ಲಿ ಲಕ್ಷಾಂತರ ಕುಟುಂಬಗಳನ್ನು ಸಾಲದ ಸುಳಿಗೆ ತಳ್ಳಿತು. ಇದನ್ನೆಲ್ಲ ಸರಿತೂಗಿಸುವ ಪ್ರಯತ್ನವೂ ನಡೆಯಿತು. 1999ರಲ್ಲಿ ಅಂಗೀಕಾರವಾಗಿ ಮರುವರ್ಷ ಜಾರಿಗೆ ಬಂದ ಕನಿಷ್ಠ ಜೀವನ ಭದ್ರತೆಯ ಕಾಯ್ದೆ, ದುಡಿಯಲು ಶಕ್ತಿಯಿರುವ ಬಡವರಿಗೂ ನೆರವು ಪಡೆಯುವ ಹಕ್ಕು ನೀಡಿತು. ಅದಕ್ಕೆ ಮೊದಲು ವೃದ್ಧರು, ಮಕ್ಕಳು, ಅಶಕ್ತರಿಗೆ ಮಾತ್ರ ಸರ್ಕಾರದ ಹಣ ಸಿಗುತ್ತಿತ್ತು. ಹಂಚಿಹೋಗಿದ್ದ ನೂರಾರು ಆರೋಗ್ಯ ವಿಮಾ ನಿಧಿಗಳು 2000ದಲ್ಲಿ ಒಂದೇ ರಾಷ್ಟ್ರೀಯ ಸಂಸ್ಥೆಯಾದವು.

ಮಾನವ ಹಕ್ಕುಗಳ ವಿಷಯದಲ್ಲಿ ಏನು ಬದಲಾಯಿತು?

ಅವರ ಅವಧಿಯಲ್ಲಿ ಒಬ್ಬ ಕೈದಿಯನ್ನೂ ಗಲ್ಲಿಗೇರಿಸಲಿಲ್ಲ. ಹಿಂದಿನ ಸರ್ಕಾರ 1997ರ ಡಿಸೆಂಬರ್ 30ರಂದು ಒಂದೇ ದಿನ 23 ಮಂದಿಯನ್ನು ನೇಣಿಗೇರಿಸಿತ್ತು. ಅದರ ನಂತರ ಇಂದಿನವರೆಗೂ ಅಲ್ಲಿ ಮರಣದಂಡನೆ ಜಾರಿಯಾಗಿಲ್ಲ, ಕಾನೂನಿನಲ್ಲಿ ಅದು ಇನ್ನೂ ಉಳಿದಿದ್ದರೂ. 2001ರಲ್ಲಿ ಸ್ವತಂತ್ರ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮತ್ತು ಮಹಿಳೆಯರಿಗಾಗಿ ಪ್ರತ್ಯೇಕ ಸಚಿವಾಲಯ ಸ್ಥಾಪನೆಯಾದವು. ಜೇಜು ದ್ವೀಪದಲ್ಲಿ 1948ರಿಂದ ನಡೆದ ಸಾಮೂಹಿಕ ಹತ್ಯೆಗಳ ಬಗ್ಗೆ ಬಾಯಿಬಿಡುವುದೇ ಅಪರಾಧವಾಗಿದ್ದ ದೇಶದಲ್ಲಿ, ಅದರ ಸತ್ಯಶೋಧನೆಗೆ 2000ದಲ್ಲಿ ವಿಶೇಷ ಕಾಯ್ದೆ ಬಂತು. ವ್ಯಕ್ತಿಗಳನ್ನು ಕ್ಷಮಿಸಿದವರು ದಾಖಲೆಗಳನ್ನು ತೆರೆಸಿದರು ಎಂಬುದನ್ನು ಒಟ್ಟಿಗೆ ನೋಡಬೇಕು.

ಉತ್ತರ ಕೊರಿಯಾದ ಜೊತೆಗಿನ ಸಂಬಂಧ?

ಅವರ ‘ಬಿಸಿಲಿನ ನೀತಿ’ಯ ತಿರುಳು ಸರಳ: ದಾಳಿ ನಡೆದರೆ ಸಹಿಸುವುದಿಲ್ಲ, ಉತ್ತರವನ್ನು ನುಂಗುವ ಉದ್ದೇಶವಿಲ್ಲ, ಸಾಧ್ಯವಿರುವೆಡೆಯೆಲ್ಲ ಸಹಕರಿಸುತ್ತೇವೆ. 1998ರಲ್ಲಿ ಹ್ಯುಂಡೈ ಸ್ಥಾಪಕ ಚುಂಗ್ ಜು-ಯಂಗ್ ಎರಡು ಸಲವಾಗಿ ಒಟ್ಟು 1,001 ದನಗಳನ್ನು ಲಾರಿಗಳಲ್ಲಿ ಗಡಿ ದಾಟಿಸಿ ಉತ್ತರಕ್ಕೆ ಒಯ್ದರು. 2000ದ ಜೂನ್‌ನಲ್ಲಿ ಕಿಮ್ ಸ್ವತಃ ಪ್ಯೊಂಗ್ಯಾಂಗ್‌ಗೆ ಹೋಗಿ ಉತ್ತರದ ನಾಯಕ ಕಿಮ್ ಜೊಂಗ್-ಇಲ್ ಅವರನ್ನು ಭೇಟಿಯಾದರು. ದೇಶ ಇಬ್ಭಾಗವಾದ ಮೇಲೆ ಎರಡೂ ಕಡೆಯ ನಾಯಕರು ಕೂತು ಮಾತನಾಡಿದ್ದು ಅದೇ ಮೊದಲು. ಆಗಸ್ಟ್‌ನಲ್ಲಿ, ಯುದ್ಧದಲ್ಲಿ ಅಗಲಿ ಐವತ್ತು ವರ್ಷ ಒಬ್ಬರ ಸುದ್ದಿ ಒಬ್ಬರಿಗಿಲ್ಲದ ಅಣ್ಣತಂಗಿಯರು, ತಾಯಿಮಕ್ಕಳು ಕೆಲವು ದಿನಗಳಿಗಾಗಿ ಸೇರಿದರು.

ಶೃಂಗಸಭೆಗೆ ಮೊದಲು ಹ್ಯುಂಡೈ ಮೂಲಕ 50 ಕೋಟಿ ಡಾಲರ್ ಗುಟ್ಟಾಗಿ ಉತ್ತರಕ್ಕೆ ಸಂದಾಯವಾಗಿತ್ತು, ಅದರಲ್ಲಿ 10 ಕೋಟಿ ಸರ್ಕಾರದ ಪಾಲು ಎಂಬುದು 2003ರ ವಿಶೇಷ ತನಿಖೆಯಿಂದ ಬಯಲಾಯಿತು. 2002ರ ಜೂನ್‌ನ ಸಮುದ್ರ ಕದನದಲ್ಲಿ ದಕ್ಷಿಣದ ಆರು ನಾವಿಕರು ಸತ್ತರು. 2006ರಲ್ಲಿ ಉತ್ತರ ಅಣ್ವಸ್ತ್ರ ಪರೀಕ್ಷಿಸಿತು. ಹಣ ಕೊಟ್ಟದ್ದನ್ನು ಜನರಿಂದ ಮುಚ್ಚಿಟ್ಟದ್ದು, ಪಾರದರ್ಶಕತೆಗಾಗಿ ಬದುಕೆಲ್ಲ ಹೋರಾಡಿದ ವ್ಯಕ್ತಿಗೆ ತಕ್ಕದ್ದಾಗಿರಲಿಲ್ಲ. ಮಾತುಕತೆಯ ದಾರಿಯೇ ತಪ್ಪೆಂದು ಇದರಿಂದ ತೀರ್ಮಾನಿಸುವುದನ್ನು ಮಾತ್ರ ನಾನು ಒಪ್ಪಲಾರೆ.

ಇಂದಿನ ಕೊರಿಯನ್ ಧಾರಾವಾಹಿ, ಸಂಗೀತದ ಅಲೆಗೂ ಅವರಿಗೂ ಸಂಬಂಧವಿದೆಯೇ?

ಸ್ವಲ್ಪಮಟ್ಟಿಗೆ ಇದೆ. ವಸಾಹತು ಕಾಲದ ಕಹಿಯಿಂದ ಜಪಾನಿನ ಸಿನಿಮಾ, ಹಾಡುಗಳ ಮೇಲಿದ್ದ ನಿರ್ಬಂಧವನ್ನು ಅವರು 1998ರಿಂದ ಹಂತಹಂತವಾಗಿ ತೆಗೆದರು. ನಮ್ಮ ಕಲೆ ಕೊಚ್ಚಿಹೋಗುತ್ತದೆ ಎಂಬ ಆತಂಕವಿತ್ತು. ನಡೆದದ್ದು ಅದರ ತದ್ವಿರುದ್ಧ. ಸಂಸ್ಕೃತಿ ಉದ್ಯಮಕ್ಕಾಗಿ 1999ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಸರ್ಕಾರ ನೆರವು ಕೊಡಬೇಕು, ಕಲಾವಿದರ ಕೆಲಸದಲ್ಲಿ ಕೈಹಾಕಬಾರದು ಎಂಬುದು ಅವರ ನಿಲುವಾಗಿತ್ತು. 2002ರ ಹೊತ್ತಿಗೆ ವೇಗದ ಇಂಟರ್ನೆಟ್ ಸಂಪರ್ಕಗಳು ಒಂದು ಕೋಟಿ ದಾಟಿದ್ದವು. ಉಳಿದದ್ದೆಲ್ಲ ಆ ದೇಶದ ಕಲಾವಿದರ ಪ್ರತಿಭೆ.

ಏಷ್ಯಾದ ಸಂಸ್ಕೃತಿಗೆ ಪ್ರಜಾಪ್ರಭುತ್ವ ಒಗ್ಗುವುದಿಲ್ಲ ಎಂಬ ವಾದಕ್ಕೆ ಅವರ ಉತ್ತರವೇನಾಗಿತ್ತು?

ಸಿಂಗಪುರದ ಮಾಜಿ ಪ್ರಧಾನಿ ಲೀ ಕ್ವಾನ್ ಯೂ ಅಂಥ ಅರ್ಥದ ಮಾತುಗಳನ್ನಾಡಿದಾಗ ಕಿಮ್ 1994ರಲ್ಲಿ ಲೇಖನ ಬರೆದು ಉತ್ತರಿಸಿದರು. ಕೆಟ್ಟ ರಾಜನನ್ನು ಕಿತ್ತೊಗೆಯುವ ಹಕ್ಕು ಪ್ರಜೆಗಳಿಗಿದೆ ಎಂದು ಚೀನಾದ ತತ್ವಜ್ಞಾನಿ ಮೆನ್ಸಿಯಸ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಹೇಳಿದ್ದ. ಮನುಷ್ಯನೇ ಸ್ವರ್ಗ ಎಂದು ಕೊರಿಯಾದ ಡೊಂಗ್ಹಾಕ್ ಪಂಥ 19ನೇ ಶತಮಾನದಲ್ಲಿ ಸಾರಿತ್ತು. ಹೀಗಿರುವಾಗ ಪ್ರಜಾಪ್ರಭುತ್ವ ಪಶ್ಚಿಮದ ಸೊತ್ತು ಹೇಗಾದೀತು ಎಂಬುದು ಅವರ ಪ್ರಶ್ನೆ. ಬಸವಣ್ಣನವರ ಕಾಲದ ಶರಣರನ್ನು ಓದಿದ ಕನ್ನಡಿಗರಿಗೆ ಈ ವಾದದ ಒಳನೆಲೆ ತಟ್ಟನೆ ಅರ್ಥವಾಗುತ್ತದೆ.

ಅವರು ಸೋತದ್ದು ಎಲ್ಲಿ?

ಮನೆಯಲ್ಲೇ ಮೊದಲು. 2002ರಲ್ಲಿ ಅವರ ಇಬ್ಬರು ಗಂಡುಮಕ್ಕಳು ಲಂಚದ ಪ್ರಕರಣಗಳಲ್ಲಿ ಬಂಧಿತರಾದರು. ಅಧ್ಯಕ್ಷರು ದೇಶದ ಕ್ಷಮೆ ಕೇಳಿ, ತಾವೇ ಕಟ್ಟಿದ ಪಕ್ಷವನ್ನು ತೊರೆದರು. ತನಿಖೆಯನ್ನು ತಡೆಯಲಿಲ್ಲ ಎಂಬುದನ್ನೂ ಹೇಳಬೇಕು. ತಮ್ಮನ್ನು ಗಲ್ಲಿನ ಬಾಗಿಲಿಗೆ ಒಯ್ದಿದ್ದ ರಾಷ್ಟ್ರೀಯ ಭದ್ರತಾ ಕಾಯ್ದೆಯನ್ನು ತೆಗೆಸಲು ಅವರಿಗೆ ಆಗಲಿಲ್ಲ. ಸಂಸತ್ತಿನಲ್ಲಿ ಅವರಿಗೆ ಸ್ವಂತ ಬಹುಮತ ಎಂದೂ ಇರಲಿಲ್ಲ. ನೈರುತ್ಯದ ಜೊಲ್ಲಾ ಒಂದು ಕಡೆ, ಆಗ್ನೇಯದ ಗ್ಯೊಂಗ್‌ಸಾಂಗ್ ಇನ್ನೊಂದು ಕಡೆ ಎಂಬ ಪ್ರಾಂತೀಯ ಮತದಾನವೂ ಹಾಗೆಯೇ ಉಳಿಯಿತು. ಆ ಒಡಕಿನ ಬಲಿಪಶುವಾಗಿದ್ದ ಅವರು ಅದರ ಲಾಭವನ್ನೂ ಪಡೆದಿದ್ದರು.

ಅವರ ಕಾಲದ ಬದಲಾವಣೆ ಇಂದಿಗೂ ಉಳಿದಿದೆಯೇ?

ಕಿಮ್ 2009ರ ಆಗಸ್ಟ್ 18ರಂದು ತೀರಿಕೊಂಡರು. ಅದಕ್ಕೆ ಕೆಲವು ದಿನ ಮೊದಲು ಆಸ್ಪತ್ರೆಗೆ ಅವರನ್ನು ವಿಚಾರಿಸಿಕೊಳ್ಳಲು ಬಂದವರಲ್ಲಿ ಚುನ್ ಡೂ-ಹ್ವಾನ್ ಕೂಡ ಇದ್ದರು. ಅವರ ಕಾಲದ ನಂತರ ಅಧಿಕಾರ ಹಲವು ಸಲ ಒಂದು ಪಕ್ಷದಿಂದ ಇನ್ನೊಂದಕ್ಕೆ ಕೈಬದಲಾಗಿದೆ. ನಿಜವಾದ ಪರೀಕ್ಷೆ ಬಂದದ್ದು 2024ರ ಡಿಸೆಂಬರ್ 3ರ ರಾತ್ರಿ, ಅಧ್ಯಕ್ಷ ಯೂನ್ ಸುಕ್-ಯೋಲ್ ಟಿವಿಯಲ್ಲಿ ಸೇನಾಡಳಿತ ಘೋಷಿಸಿದಾಗ. 1980ರ ನಂತರ ಅಂಥ ಘೋಷಣೆ ಅದೇ ಮೊದಲು. ಸೈನಿಕರು ಸಂಸತ್ ಭವನಕ್ಕೆ ನುಗ್ಗಿದರು. ಜನ ಬರಿಗೈಯಲ್ಲಿ ಅವರನ್ನು ತಡೆದರು. ಸದಸ್ಯರು ಬೇಲಿ ಹಾರಿ ಒಳಗೆ ಹೋಗಿ, ಹಾಜರಿದ್ದ 190 ಮಂದಿಯೂ ಒಮ್ಮತದಿಂದ ಅದನ್ನು ರದ್ದುಗೊಳಿಸುವ ನಿರ್ಣಯಕ್ಕೆ ಮತ ಹಾಕಿದರು. ಸುಮಾರು ಆರು ಗಂಟೆಗಳಲ್ಲಿ ಸೇನಾಡಳಿತ ಮುಗಿಯಿತು, ಒಬ್ಬರೂ ಗುಂಡಿಗೆ ಬಲಿಯಾಗಲಿಲ್ಲ. 2025ರ ಏಪ್ರಿಲ್ 4ರಂದು ಸಂವಿಧಾನ ನ್ಯಾಯಾಲಯ ಯೂನ್ ಅವರನ್ನು ಪದವಿಯಿಂದ ತೆಗೆಯಿತು. ಅವರ ಮೇಲಿನ ದಂಗೆಯ ಆರೋಪದ ವಿಚಾರಣೆ ಸಾಮಾನ್ಯ ನ್ಯಾಯಾಲಯದಲ್ಲಿ, ತಮ್ಮ ಆಯ್ಕೆಯ ವಕೀಲರೊಂದಿಗೆ, ಪತ್ರಕರ್ತರ ಎದುರಿನಲ್ಲಿ ಶುರುವಾಯಿತು. 1980ರಲ್ಲಿ ಕಿಮ್ ಅವರಿಗೆ ಸಿಕ್ಕಿದ್ದು ಸೇನಾ ಸಮವಸ್ತ್ರ ತೊಟ್ಟ ನ್ಯಾಯಾಧೀಶರು.